ಶ್ಲೋಕವೂ ಚೆಂಡೂ: ಪಂಡಿತಾ ಕ್ಷಮಾ ರಾವ್

ಪಂಡಿತಾ ಕ್ಷಮಾ ರಾವ್ ಅವರ ಹೆಸರು ಸಂಸ್ಕೃತಾಭ್ಯಾಸಿಗಳಿಗೆ ಹೊಸತಲ್ಲ. ಗಾಂಧೀಜಿಯವರ ಸತ್ಯಾಗ್ರಹವನ್ನು ದೇವಭಾಷೆಯಲ್ಲಿ ಹಾಡಿದ ಕವಯಿತ್ರಿ ಅವರು. ಅದೇ ಕೈ ಟೆನಿಸ್ ಅಂಗಳದಲ್ಲಿಯೂ ಪ್ರಶಸ್ತಿ ಗೆದ್ದಿತೆಂಬುದು ಮಾತ್ರ ಹಲವರಿಗೆ ತಿಳಿಯದು.

ಅವರು ಪುಣೆಯಲ್ಲಿ 1890 ರ ಜುಲೈ 4 ರಂದು ಜನಿಸಿದರು. ತಂದೆ ಶಂಕರ ಪಾಂಡುರಂಗ ಪಂಡಿತರು ಅಥರ್ವವೇದವನ್ನೂ ಕಾಳಿದಾಸನ ಕೃತಿಗಳನ್ನೂ ಸಂಪಾದಿಸಿದ ಮಹಾವಿದ್ವಾಂಸರು. 1894 ರಲ್ಲಿ ಅವರು ಗತಿಸಿದಾಗ ಮಗಳಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ತಂದೆಯ ಪಾಠ ಕೇಳುವ ಭಾಗ್ಯವಿಲ್ಲದೆ, ಬಂಧುಗಳ ಆಸರೆಯಲ್ಲಿ ಬಾಲ್ಯ ಕಳೆಯಿತು. ಮುಂದೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದು. ವೈದ್ಯರಾದ ಡಾಕ್ಟರ್ ರಾಘವೇಂದ್ರ ರಾವ್ ಅವರೊಡನೆ ವಿವಾಹ. 1911 ರಲ್ಲಿ ಮಗಳು ಲೀಲಾ ಹುಟ್ಟಿದಳು.

ನಮ್ಮ ಹಳಿಯಾಳ, ಸಾಂಬ್ರಾಣಿಗಳೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ಕಾಲದಲ್ಲಿ ಗೃಹಿಣಿಯೊಬ್ಬಳು ರಾಕೆಟ್ ಹಿಡಿದು ಬಯಲಿಗೆ ಇಳಿಯುವುದು ಸಾಮಾನ್ಯ ಸಾಹಸವಲ್ಲ. ಕ್ಷಮಾ ರಾವ್ ಇಳಿದರು. 1920 ರ ದಶಕದಲ್ಲಿ, ಮೂವತ್ತು ದಾಟಿದ ತಾಯಿಯಾಗಿ, ಪಂದ್ಯಗಳನ್ನು ಗೆದ್ದರು.

ಟೆನಿಸ್ ನೋಡಲು ಸುಲಭ, ಆಡಲು ಕಠಿಣ. ಅಂಗಳದ ಉದ್ದ 78 ಅಡಿ, ಒಂಟಿ ಆಟಕ್ಕೆ ಅಗಲ 27 ಅಡಿ, ನಡುವಿನಲ್ಲಿ ಬಲೆಯ ಎತ್ತರ 3 ಅಡಿ. ಹೊಸಬನು ಮೊದಲು ಬಲವನ್ನು ನೆಚ್ಚುತ್ತಾನೆ. ಚೆಂಡು ಗೆರೆಯಾಚೆ ಹಾರುತ್ತದೆ. ಹಸ್ತಲಾಘವ ಕೊಡುವಂತೆ ಹಿಡಿಯನ್ನು ಹಿಡಿಯಬೇಕು. ಚೆಂಡು ಪುಟಿಯುವ ಮೊದಲೇ ರಾಕೆಟ್ಟನ್ನು ಹಿಂದಕ್ಕೆ ಒಯ್ದು, ಬಲೆಗೆ ಭುಜ ತಿರುಗಿಸಿ ನಿಲ್ಲಬೇಕು. ತಂತಿಗೆ ತಾಗುವವರೆಗೆ ಚೆಂಡಿನಿಂದ ಕಣ್ಣು ಕೀಳಬಾರದು. ಹೊಡೆದ ಮೇಲೂ ಕೈಯ ಬೀಸು ಪೂರ್ಣವಾಗಬೇಕು. ಕಾಲು ಮರಳಿ ಸ್ಥಾನಕ್ಕೆ ಬರಬೇಕು. ಅನುಷ್ಟುಪ್ಪಿನ ಪಾದಕ್ಕೆ ಎಂಟೇ ಅಕ್ಷರ. ಐದನೆಯದು ಲಘು, ಆರನೆಯದು ಗುರು. ಈ ಕಟ್ಟು ಕೈವಶವಾದವನಿಗಷ್ಟೇ ಆ ಛಂದಸ್ಸಿನಲ್ಲಿ ಸ್ವಾತಂತ್ರ್ಯ. ಆಟದ ಮರ್ಮವೂ ಇದೇ ಅಲ್ಲವೆ?

ಮರಾಠಿ, ಇಂಗ್ಲಿಷುಗಳಲ್ಲಿಯೂ ಬರೆದ ಕ್ಷಮಾ ರಾವ್ ನಾಲ್ವತ್ತರ ಹೊಸ್ತಿಲಲ್ಲಿ ಸಂಸ್ಕೃತ ಕಾವ್ಯಕ್ಕೆ ತಿರುಗಿದರು. ಅವರ 'ಸತ್ಯಾಗ್ರಹಗೀತಾ' 1932 ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ವಸ್ತುವು ಆಗಿನ ಸರಕಾರಕ್ಕೆ ಹಿಡಿಸುವಂಥದಲ್ಲ. ಎರಡು ವರ್ಷಗಳ ತರುವಾಯ ಮಗಳು ಲೀಲಾ ವಿಂಬಲ್ಡನ್ನಿನಲ್ಲಿ ಗ್ಲಾಡಿಸ್ ಸೌತ್‌ವೆಲ್ ಅವರನ್ನು ಸೋಲಿಸಿ, ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯೆನಿಸಿದಳು. ಮರುಸುತ್ತಿನಲ್ಲಿ ಸೋತಳು, ಆದರೆ ದಾರಿ ತೆರೆದಿತ್ತು.

1939 ರಲ್ಲಿ ತಾಯಿ 'ಶಂಕರಜೀವನಾಖ್ಯಾನ'ವನ್ನು ಪ್ರಕಟಿಸಿದರು. ತಾನು ಸರಿಯಾಗಿ ಕಂಡೂ ಇರದ ತಂದೆಯ ಚರಿತ್ರೆಯನ್ನು, ಆ ತಂದೆ ಬೆಳಗಿದ ಭಾಷೆಯಲ್ಲಿಯೇ ಮಗಳು ಬರೆದಳು. ಬಾಲ್ಯದಲ್ಲಿ ತಪ್ಪಿದ ಪಾಠವನ್ನು ಪ್ರೌಢಿಯಲ್ಲಿ ಹೀಗೆ ಪೂರೈಸಿದಂತಾಯಿತು. 1954 ರಲ್ಲಿ ಅವರು ತೀರಿಕೊಂಡರು.

ವಿದ್ಯೆ ಯಾವುದೇ ಇರಲಿ, ಅದನ್ನು ಆರಂಭಿಸಲು ವಯಸ್ಸು ಮೀರಿತೆಂದು ಕೈಚೆಲ್ಲುವವರು ನಮ್ಮಲ್ಲಿ ಬಹಳ. ಅಂಥವರು ಈ ಬಾಳನ್ನು ಒಮ್ಮೆ ನೆನೆಯಬೇಕು. ಸಾಂಬ್ರಾಣಿಯಂಥ ಊರಿನ ಶಾಲೆಯ ಬಯಲಿನಲ್ಲಿ ಗೋಡೆಗೆ ಚೆಂಡು ಬಡಿದು ಕಲಿಯುವ ಹುಡುಗಿಗೂ, ಲಘು-ಗುರು ಎಣಿಸುತ್ತ ಕುಳಿತ ವಿದ್ಯಾರ್ಥಿಗೂ ಗುರಿ ಒಂದೇ: ನಿಯಮವು ಸ್ವಭಾವವಾಗುವವರೆಗೆ ಬಿಡದ ಸಾಧನೆ.