ಆನಂದಿಬಾಯಿ ಜೋಶಿ

ಆನಂದಿಬಾಯಿ ಗೋಪಾಲರಾವ್ ಜೋಶಿ (ಮಾರ್ಚ್ 31, 1865 – ಫೆಬ್ರವರಿ 26, 1887) ಅಮೆರಿಕದ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದ ಮೊದಲ ಭಾರತೀಯ ಮಹಿಳೆ. ಪದವಿ ದೊರೆತು ಒಂದು ವರ್ಷ ತುಂಬುವ ಮೊದಲೇ ಕ್ಷಯರೋಗದಿಂದ ನಿಧನರಾದ ಕಾರಣ ವೈದ್ಯವೃತ್ತಿಯನ್ನು ನಡೆಸುವ ಅವಕಾಶ ಅವರಿಗೆ ಒದಗಲಿಲ್ಲ. ಹೀಗಾಗಿ ಅವರ ಜೀವನಚರಿತ್ರೆ ಬಹುಮಟ್ಟಿಗೆ ಒಂದು ಕಾಲೇಜನ್ನು ಸೇರಿ, ಓದಿ ಮುಗಿಸಿದ ಚರಿತ್ರೆಯೇ ಆಗಿದೆ.

ಬಾಲ್ಯ ಮತ್ತು ವಿವಾಹ

ಇವರ ಹುಟ್ಟುಹೆಸರು ಯಮುನಾ. ಮುಂಬಯಿ ಸಮೀಪದ ಕಲ್ಯಾಣದ, ಹಿಂದೆ ಅನುಕೂಲಸ್ಥವಾಗಿದ್ದು ಕ್ರಮೇಣ ಸ್ಥಿತಿ ಕುಗ್ಗಿದ ಮರಾಠಿ ಬ್ರಾಹ್ಮಣ ಮನೆತನ ಇವರದು. 9ನೆಯ ವಯಸ್ಸಿನಲ್ಲಿ ಅಂಚೆ ಇಲಾಖೆಯ ಗುಮಾಸ್ತರಾಗಿದ್ದ ಗೋಪಾಲರಾವ್ ಜೋಶಿಯವರೊಡನೆ ಮದುವೆಯಾಯಿತು. ವಿಧುರರಾಗಿದ್ದ ವರನು ವಧುವಿಗಿಂತ ಸುಮಾರು 20 ವರ್ಷ ದೊಡ್ಡವರು. ಆನಂದಿ ಎಂಬ ಹೆಸರನ್ನು ಇಟ್ಟವರು ಅವರೇ.

ಹೆಂಡತಿಗೆ ವಿದ್ಯೆ ಕಲಿಸಬೇಕೆಂಬುದು ಗೋಪಾಲರಾಯರ ಹಟವಾಗಿತ್ತು. ಅಡುಗೆಮನೆಯಲ್ಲಿ ಹೊತ್ತು ಕಳೆದು ಪಾಠ ಬಿಟ್ಟರೆ ಅವರು ಹೊಡೆಯುತ್ತಿದ್ದರು. ಬಾಲ್ಯದಲ್ಲಿ ತಿಂದ ಈ ಪೆಟ್ಟುಗಳನ್ನು ಆನಂದಿಬಾಯಿಯವರು ಮುಂದೆ ಅಮೆರಿಕದಿಂದ ಗಂಡನಿಗೆ ಬರೆದ ಪತ್ರವೊಂದರಲ್ಲಿ ನೇರವಾಗಿಯೇ ನೆನಪಿಸಿದ್ದಾರೆ. ಗೋಪಾಲರಾಯರನ್ನು ಆದರ್ಶ ಪತಿಯೆಂದು ಮಾತ್ರ ಚಿತ್ರಿಸುವ ಬರಹಗಳು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆದರೆ ಅವರ ಒತ್ತಾಸೆಯಿಲ್ಲದೆ ಈ ವ್ಯಾಸಂಗ ಆರಂಭವಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

14ನೆಯ ವಯಸ್ಸಿನಲ್ಲಿ ಆನಂದಿಬಾಯಿಯವರಿಗೆ ಗಂಡುಮಗು ಹುಟ್ಟಿತು. ಸರಿಯಾದ ವೈದ್ಯಸಹಾಯ ದೊರೆಯದೆ ಮಗು 10 ದಿನಗಳಲ್ಲಿ ತೀರಿಕೊಂಡಿತು. ಅವರ ಮನಸ್ಸು ವೈದ್ಯವಿದ್ಯೆಯ ಕಡೆಗೆ ತಿರುಗಲು ಈ ಸಾವು ಕಾರಣವಾಯಿತು.

ಪ್ರವೇಶಕ್ಕಾಗಿ ಪ್ರಯತ್ನ

ಗೋಪಾಲರಾಯರು ಕೊಲ್ಹಾಪುರದಲ್ಲಿ ಹಿಂದೆ ಮಿಷನರಿಯಾಗಿದ್ದ ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಪಾದ್ರಿಗೆ ಪತ್ರ ಬರೆದು, ಹೆಂಡತಿಯ ಶಿಕ್ಷಣಕ್ಕೂ ತಮ್ಮ ಉದ್ಯೋಗಕ್ಕೂ ಅಮೆರಿಕದಲ್ಲಿ ನೆರವು ಕೋರಿದರು. ಕ್ರೈಸ್ತಮತವನ್ನು ಸ್ವೀಕರಿಸಿದರೆ ಸಹಾಯ ದೊರೆಯಬಹುದೆಂಬ ಉತ್ತರ ಬಂತು. ದಂಪತಿಗಳು ಅದಕ್ಕೆ ಒಪ್ಪಲಿಲ್ಲ. ವೈಲ್ಡರ್ ಈ ಪತ್ರವ್ಯವಹಾರವನ್ನು ತಮ್ಮ ಮಿಷನರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನ್ಯೂಜೆರ್ಸಿಯ ರೋಸೆಲ್ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯರಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದಾಗ ಆ ಸಂಚಿಕೆಯನ್ನು ಓದಿ, ಆನಂದಿಬಾಯಿಯವರಿಗೆ ಪತ್ರ ಬರೆದರು. ಈ ಸ್ನೇಹ ಕೊನೆಯವರೆಗೂ ಉಳಿಯಿತು. ಆನಂದಿಬಾಯಿಯವರು ಕಾರ್ಪೆಂಟರ್ ಅವರನ್ನು ಚಿಕ್ಕಮ್ಮನೆಂದೇ ಕರೆಯುತ್ತಿದ್ದರು.

ಆ ಹೊತ್ತಿಗೆ ಗೋಪಾಲರಾಯರಿಗೆ ಕಲ್ಕತ್ತೆಗೆ ವರ್ಗವಾಗಿತ್ತು. ಬ್ರಾಹ್ಮಣ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಕಡಲು ದಾಟುವ ಸುದ್ದಿ ಹಬ್ಬಿದಾಗ ವಿರೋಧ ಬಲವಾಯಿತು. 1883ರ ಫೆಬ್ರವರಿಯಲ್ಲಿ ಆನಂದಿಬಾಯಿಯವರು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ಭಾಷಣ ಮಾಡಿ, ಜನರು ತಮಗೆ ಕೇಳುತ್ತಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು. ಭಾರತದಲ್ಲಿಯೇ ಏಕೆ ಓದಬಾರದು ಎಂಬುದು ಮುಖ್ಯ ಪ್ರಶ್ನೆ. ಮದ್ರಾಸ್ ವೈದ್ಯಕೀಯ ಕಾಲೇಜು 1875ರಲ್ಲಿಯೇ ಸ್ತ್ರೀಯರಿಗೆ ಪ್ರವೇಶ ನೀಡಿತ್ತು. ಉಳಿದೆಡೆ ಸೂಲಗಿತ್ತಿಯರ ತರಗತಿಗಳಷ್ಟೇ ಇದ್ದವು. ಆ ಬೋಧನೆ ಸಾಲದೆಂದೂ, ಹಿಂದೂ ಸ್ತ್ರೀಗೆ ಓದಲು ಹೊರಟ ಬೀದಿಯಲ್ಲಿಯೇ ಕಿರುಕುಳ ಕಾದಿರುತ್ತದೆಂದೂ ಅವರು ವಿವರಿಸಿದರು. ವೃದ್ಧ ತಂದೆತಾಯಿಗಳ ಮತ್ತು ತಮ್ಮಂದಿರ ಹೊಣೆ ಗಂಡನ ಮೇಲಿರುವುದರಿಂದ ತಾವು ಒಬ್ಬರೇ ಹೋಗುತ್ತಿರುವುದಾಗಿ ತಿಳಿಸಿದರು. ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುವೆನೆಂದು ಅಲ್ಲಿ ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.

ಚಿನ್ನದ ಬಳೆಗಳನ್ನು ಮಾರಿ ಪ್ರಯಾಣದ ಹಣ ಹೊಂದಿಸಿಕೊಂಡು, 1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹೊರಟು ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿದರು. ಕಲ್ಕತ್ತಾ ವೈದ್ಯಕೀಯ ಕಾಲೇಜು ಕಾದಂಬಿನಿ ಗಂಗೂಲಿಯವರನ್ನು ಸೇರಿಸಿಕೊಂಡದ್ದು ಆನಂದಿಬಾಯಿಯವರು ಹಡಗು ಹತ್ತಿದ ನಂತರ.

ರೋಸೆಲ್‌ನ ಕಾರ್ಪೆಂಟರ್ ಅವರ ಮನೆಯಿಂದ ಅವರು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಬರೆದರು. ತಮ್ಮ ಶಾಲಾಶಿಕ್ಷಣವು ಕಾಲೇಜು ಬಯಸುವ ಅರ್ಹತೆಗೆ ಸರಿಹೊಂದದಿರಬಹುದೆಂಬುದನ್ನು ಅರ್ಜಿಯಲ್ಲಿ ಮರೆಮಾಚಲಿಲ್ಲ. ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದಕ್ಕಿಂತ ಸಾಯುವುದೇ ಲೇಸೆಂದು ಭಾವಿಸುವ ತಮ್ಮ ನಾಡಿನ ಸ್ತ್ರೀಯರ ಸ್ಥಿತಿಯನ್ನೇ ಮುಂದಿಟ್ಟು ಪ್ರವೇಶ ಕೇಳಿದರು. ರಸಾಯನಶಾಸ್ತ್ರಜ್ಞೆ ರೇಚೆಲ್ ಬಾಡ್ಲಿ ಆಗ ಕಾಲೇಜಿನ ಡೀನ್ ಆಗಿದ್ದರು. ಅರ್ಜಿ ಅಂಗೀಕಾರವಾಗಿ, 3 ವರ್ಷಗಳ ಅವಧಿಗೆ 600 ಡಾಲರ್ ವಿದ್ಯಾರ್ಥಿವೇತನವೂ ಮಂಜೂರಾಯಿತು.

ವ್ಯಾಸಂಗ

1850ರಲ್ಲಿ ಸ್ಥಾಪನೆಯಾದ ಈ ಕಾಲೇಜು ಸ್ತ್ರೀಯರಿಗೆಂದೇ ತೆರೆದ ಜಗತ್ತಿನ ಮೊದಲ ವೈದ್ಯಕೀಯ ಕಾಲೇಜುಗಳಲ್ಲಿ ಒಂದು. ಅಲ್ಲಿಗೆ ಸೇರಿದಾಗ ಆನಂದಿಬಾಯಿಯವರಿಗೆ 18 ವರ್ಷ. ಪಾಠಗಳಿಗಿಂತ ಅಲ್ಲಿನ ಚಳಿಯೇ ಅವರನ್ನು ಹೆಚ್ಚು ಪೀಡಿಸಿತು. ಬಾಡಿಗೆ ಕೋಣೆಯ ಬೆಂಕಿಗೂಡು ಕೆಟ್ಟಿದ್ದು, ಉರಿ ಹಾಕಿದರೆ ಕೋಣೆಯೆಲ್ಲ ಹೊಗೆ ತುಂಬುತ್ತಿತ್ತು. ಸಸ್ಯಾಹಾರಿಯಾದ ಅವರು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳಬೇಕಿತ್ತು. ಕಣಕಾಲು ಕಾಣುವ ಒಂಬತ್ತು ಗಜದ ಸೀರೆ ಹಿಮಕ್ಕೆ ಒಗ್ಗದೆ, ಗುಜರಾತಿ ಶೈಲಿಯಲ್ಲಿ ಉಡಲಾರಂಭಿಸಿದರು. ಭಾರತದಲ್ಲಿದ್ದಾಗಲೇ ತಲೆನೋವು, ಜ್ವರ, ಉಸಿರಾಟದ ತೊಂದರೆಗಳಿಂದ ಬಳಲುತ್ತಿದ್ದ ಅವರ ಆರೋಗ್ಯ ಇನ್ನಷ್ಟು ಕುಸಿಯಿತು. ಆದರೂ ಓದನ್ನು ನಡುವೆ ನಿಲ್ಲಿಸಲಿಲ್ಲ.

1885ರ ಅಕ್ಟೋಬರ್ 10ರಂದು ತೆಗೆದ ಒಂದು ಛಾಯಾಚಿತ್ರದಲ್ಲಿ ಆನಂದಿಬಾಯಿ, ಜಪಾನಿನ ಕೇಯಿ ಓಕಾಮಿ ಮತ್ತು ಸಿರಿಯಾದ ಸಬಾತ್ ಇಸ್ಲಾಂಬೂಲಿ ತಮ್ಮ ತಮ್ಮ ದೇಶದ ಉಡುಗೆಯಲ್ಲಿ ಕುಳಿತಿದ್ದಾರೆ. ಮೂವರೂ ಇದೇ ಕಾಲೇಜಿನ ಪದವೀಧರರಾದರು.

ಆರ್ಯ ಹಿಂದೂಗಳಲ್ಲಿ ಪ್ರಸೂತಿ ಶಾಸ್ತ್ರ ಎಂಬುದು ಅವರ ಪದವಿ ಪ್ರಬಂಧದ ವಿಷಯ. ಇದರಲ್ಲಿ ಆಯುರ್ವೇದದ ಗ್ರಂಥಗಳನ್ನೂ ಅಮೆರಿಕದ ವೈದ್ಯಕೀಯ ಪಠ್ಯಗಳನ್ನೂ ಬಳಸಿಕೊಂಡಿದ್ದಾರೆ. 1886ರ ಮಾರ್ಚ್ 11ರಂದು ಪದವಿಪ್ರದಾನ ನಡೆಯಿತು. ಗೋಪಾಲರಾಯರೂ ಪಂಡಿತಾ ರಮಾಬಾಯಿಯವರೂ ಆ ಸಮಾರಂಭದಲ್ಲಿದ್ದರು. ವಿಕ್ಟೋರಿಯಾ ರಾಣಿಯಿಂದ ಅಭಿನಂದನೆ ಬಂತು.

ಮರಳುವಿಕೆ ಮತ್ತು ನಿಧನ

ಕೊಲ್ಹಾಪುರ ಸಂಸ್ಥಾನವು ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ವೈದ್ಯೆಯನ್ನಾಗಿ ಅವರನ್ನು ನೇಮಿಸಿತು. 1886ರ ಕೊನೆಯಲ್ಲಿ ಸ್ವದೇಶಕ್ಕೆ ಮರಳುವಾಗ ಕ್ಷಯ ಉಲ್ಬಣಿಸಿತ್ತು. ಹುದ್ದೆಯನ್ನು ವಹಿಸಿಕೊಳ್ಳಲು ಆಗಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕೊನೆಯುಸಿರೆಳೆದರು. ಅವರೊಡನೆ ಅದೇ 1886ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಅರ್ಹತೆ ಗಳಿಸಿದ ಕಾದಂಬಿನಿ ಗಂಗೂಲಿಯವರು ದಶಕಗಳ ಕಾಲ ವೃತ್ತಿ ನಡೆಸಿದರು. ಮೊದಲಿಗರು ಯಾರೆಂಬ ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ.

ಸ್ಮರಣೆ

ಕ್ಯಾರೊಲಿನ್ ಹೀಲಿ ಡಾಲ್ 1888ರಲ್ಲಿ ಇಂಗ್ಲಿಷಿನಲ್ಲಿ ಇವರ ಜೀವನಚರಿತ್ರೆ ಪ್ರಕಟಿಸಿದರು. ಮರಾಠಿಯಲ್ಲಿ ಕಾಶೀಬಾಯಿ ಕಾನಿಟ್ಕರ್ ಜೀವನಚರಿತ್ರೆಯನ್ನೂ, ಶ್ರೀ. ಜ. ಜೋಶಿ ಆನಂದಿ ಗೋಪಾಳ್ ಎಂಬ ಕಾದಂಬರಿಯನ್ನೂ ಬರೆದಿದ್ದಾರೆ. 2019ರಲ್ಲಿ ಇದೇ ಹೆಸರಿನ ಮರಾಠಿ ಚಲನಚಿತ್ರ ತೆರೆಕಂಡಿತು. ಶುಕ್ರಗ್ರಹದ ಒಂದು ಕುಳಿಗೆ ಇವರ ಹೆಸರಿಡಲಾಗಿದೆ. ಚಿತಾಭಸ್ಮವನ್ನು ಥಿಯೊಡಿಸಿಯಾ ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪಕಿಪ್ಸಿಯಲ್ಲಿ, ಕಾರ್ಪೆಂಟರ್ ಕುಟುಂಬದ ಸಮಾಧಿಗಳ ನಡುವೆ ಅದನ್ನು ಇರಿಸಲಾಗಿದೆ.