ಅಲೋಯಿಸ್ ಆಲ್‌ಝೈಮರ್
ಅಲೋಯಿಸ್ ಆಲ್‌ಝೈಮರ್ (ಜೂನ್ 14, 1864 – ಡಿಸೆಂಬರ್ 19, 1915) ಜರ್ಮನಿಯ ಮನೋವೈದ್ಯರು. ಇವರು ಬವೇರಿಯಾದ ಮಾರ್ಕ್ಟ್‌ಬ್ರೈಟ್‌ನಲ್ಲಿ ಜನಿಸಿದರು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿದ 51 ವರ್ಷದ ಆಗುಸ್ಟೆ ಡೇಟರ್ ಎಂಬ ಮಹಿಳೆಯ ಮರೆವು ಹಾಗೂ ಗೊಂದಲಗಳನ್ನು ಇವರು ವಿವರವಾಗಿ ದಾಖಲಿಸಿದರು. 1906ರಲ್ಲಿ ಆಕೆ ತೀರಿಕೊಂಡಾಗ, ಮ್ಯೂನಿಕ್‌ನಲ್ಲಿದ್ದ ಆಲ್‌ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ಒಳಗೆ ಸಿಕ್ಕುಗಟ್ಟಿದ ತಂತುಗಳೂ ಹೊರಗೆ ಅಸಹಜ ಸಂಚಯಗಳೂ ಕಂಡುಬಂದವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ಮಂಡಿಸಿದ ಈ ಶೋಧದ ಬಗ್ಗೆ ಸಭಿಕರು ಆಸಕ್ತಿ ತೋರಲಿಲ್ಲ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್‌ಝೈಮರರ ಹೆಸರನ್ನಿಟ್ಟರು. ಐದು ವರ್ಷಗಳ ಬಳಿಕ ಆಲ್‌ಝೈಮರ್ ಬ್ರೆಸ್ಲಾವ್‌ನಲ್ಲಿ ನಿಧನರಾದರು. ಅವರು ಕಂಡದ್ದು ಹಾನಿಯ ಗುರುತುಗಳನ್ನು. ಕಾರಣವನ್ನು ಅರಸುವ ಇಂದಿನ ಸಂಶೋಧನೆಯು ನರಕೋಶದಲ್ಲಿ ಕ್ಯಾಲ್ಸಿಯಂ ನಿಯಂತ್ರಣ ತಪ್ಪುವುದನ್ನೂ ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳು ಸೊರಗುವುದನ್ನೂ ಪರಿಶೀಲಿಸುತ್ತಿದೆ.