ಮೊದಲ ಸೂಜಿ ಚುಚ್ಚಿಸಿಕೊಂಡ ವಿಜ್ಞಾನಿ

ಖಣಕ್ಕೆ ಹೆಸರಾದ ಗುಳೇದಗುಡ್ಡದಂಥ ನೇಕಾರರ ಊರುಗಳಿಂದಲೂ ಇಂದು ನರ್ಸಿಂಗ್, ವೈದ್ಯಕೀಯ ಕಲಿಯಲು ಹೊರಡುವ ಮಕ್ಕಳಿದ್ದಾರೆ. ವಾರ್ಡಿಗೆ ಕಾಲಿಡುವ ಮುನ್ನ ಅವರಿಗೆ ಹೆಪಟೈಟಿಸ್-ಬಿ ಲಸಿಕೆ ಏಕೆ ಬೇಕೆಂಬುದನ್ನು ಅರಿಯಲು ವಾಲ್ಡೆಮಾರ್ ಹಾಫ್‌ಕಿನ್ ಅವರ ಬದುಕನ್ನು ನೆನೆಯಬೇಕು.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಹಾಫ್‌ಕಿನ್, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ, 1892ರಲ್ಲಿ ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದಾಗ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ ದುಡಿದು ಪ್ಲೇಗ್ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನೂ ಮೊದಲು ಚುಚ್ಚಿಸಿಕೊಂಡವರು ಅವರೇ. ಬೈಕುಲಾ ಜೈಲಿನ ಸ್ವಯಂಪ್ರೇರಿತ ಕೈದಿಗಳ ಸರದಿ ಆಮೇಲೆ ಬಂತು.

ಗುಳೇದಗುಡ್ಡವೂ ಹುಬ್ಬಳ್ಳಿಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಸಾವಿರಾರು ಜನ ಈ ಲಸಿಕೆ ಪಡೆದರು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ದೋಷವನ್ನು ಹಾಫ್‌ಕಿನ್ ಮೇಲೆ ಹೊರಿಸಲಾಯಿತು. ಅವರು ಹುದ್ದೆ ಕಳೆದುಕೊಂಡರು. ಬಾಟಲಿ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದೇ ಸೋಂಕಿಗೆ ಕಾರಣವಾಗಿರಬೇಕೆಂದು ವಿಜ್ಞಾನಿಗಳು ವಾದಿಸಿದರು. 1907ರಲ್ಲಿ ಅವರು ಆರೋಪಮುಕ್ತರಾದರು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರಲ್ಲಿ ಅವರು ತೀರಿಕೊಂಡರು.

ಈ ಬದುಕಿನಿಂದ ಎರಡು ಪಾಠಗಳು ದೊರೆಯುತ್ತವೆ: ಆರೈಕೆ ಮಾಡುವವರು ಮೊದಲು ರಕ್ಷಣೆ ಪಡೆಯಬೇಕು, ಉಪಕರಣದ ಶುದ್ಧತೆಯಲ್ಲಿ ಒಂದು ಕ್ಷಣದ ಅಜಾಗ್ರತೆಯೂ ಜೀವ ತೆಗೆಯಬಲ್ಲದು. ಹೆಪಟೈಟಿಸ್-ಬಿ ರಕ್ತದ ಮೂಲಕ ಹರಡುತ್ತದೆ. ಲಸಿಕೆ ಪಡೆಯದವರಿಗೆ ಸೋಂಕಿತ ಸೂಜಿ ಚುಚ್ಚಿದರೆ ರೋಗ ತಗಲುವ ಸಾಧ್ಯತೆ ಶೇ. 6ರಿಂದ 30ರಷ್ಟಿದೆ. ಕೈ ಇನ್ನೂ ಪಳಗದ ವಿದ್ಯಾರ್ಥಿಗೆ ಅಪಾಯ ಹೆಚ್ಚು. ಶಿಶುಗಳಿಗೆ ಈ ಲಸಿಕೆ ದೇಶವ್ಯಾಪಿಯಾದದ್ದು 2011ರಲ್ಲಿ. ಹೀಗಾಗಿ ಇಂದಿನ ಎಲ್ಲ ವಿದ್ಯಾರ್ಥಿಗಳೂ ಅದನ್ನು ಪಡೆದಿರುವರೆಂದು ಭಾವಿಸಲಾಗದು.

ಮೂರು ಚುಚ್ಚುಮದ್ದು, ಆರು ತಿಂಗಳ ಅವಧಿ, ಅನಂತರ ರೋಗನಿರೋಧಕ ಶಕ್ತಿಯ ಒಂದು ರಕ್ತಪರೀಕ್ಷೆ: ಇಷ್ಟೇ ಬೇಕಾಗಿರುವುದು. ಪ್ರವೇಶದ ದಿನವೇ ಆರಂಭಿಸಿದರೆ ತರಬೇತಿಗೆ ಅಡ್ಡಿಯಾಗದು. ಯಕೃತ್ತಿನ ರೋಗದ ಜೀವನಪರ್ಯಂತ ವೆಚ್ಚದ ಮುಂದೆ ಇದು ಅತ್ಯಲ್ಪ. ಈ ವೆಚ್ಚವನ್ನು ಬಡ ನೇಕಾರನ ಮಗಳ ಮೇಲೆ ಹೊರಿಸದೆ ಕಾಲೇಜುಗಳೂ ಸರ್ಕಾರವೂ ಭರಿಸುವುದು ನ್ಯಾಯ. ಹಾಫ್‌ಕಿನ್ ಅವರಿಗೆ ಸಲ್ಲಬೇಕಾದ ನಿಜವಾದ ಗೌರವವೂ ಅದೇ.